ಲ್ಯೂಬೆಕ್‌ನ ಸಂತ ಮೇರಿ ಚರ್ಚು

ಸಂತ ಮೇರಿ ಚರ್ಚು ಉತ್ತರ ಜರ್ಮನಿಯ ಲ್ಯೂಬೆಕ್ ನಗರದಲ್ಲಿರುವ, 13 ಮತ್ತು 14ನೇ ಶತಮಾನಗಳಲ್ಲಿ ಸುಟ್ಟ ಇಟ್ಟಿಗೆಯಿಂದ ಕಟ್ಟಿದ ಗೋಥಿಕ್ ಶೈಲಿಯ ದೇವಾಲಯ. ಜರ್ಮನ್ ಹೆಸರು ಮರೀಯೆನ್‌ಕಿರ್ಷೆ. ಇದು ಬಿಷಪ್ಪನ ಪೀಠವಿದ್ದ ಕೆಥೀಡ್ರಲ್ ಅಲ್ಲ. ನಗರದ ವರ್ತಕರೂ ಅವರೇ ನಡೆಸುತ್ತಿದ್ದ ನಗರ ಪರಿಷತ್ತೂ ತಮಗಾಗಿ ಕಟ್ಟಿಸಿಕೊಂಡ ಚರ್ಚು. ನಡುಸಾಲೆಯ ಕಮಾನು ಚಾವಣಿಯ ಎತ್ತರ 38.5 ಮೀಟರು. ಇಟ್ಟಿಗೆಯ ಕಮಾನು ಚಾವಣಿಗಳಲ್ಲಿ ಇದು ಜಗತ್ತಿನಲ್ಲೇ ಅತಿ ಎತ್ತರದ್ದು. ಬಾಲ್ಟಿಕ್ ಕರಾವಳಿಯ ಹತ್ತಾರು ಚರ್ಚುಗಳು ಇದನ್ನು ಮಾದರಿಯಾಗಿ ಇಟ್ಟುಕೊಂಡವು. ಆದ್ದರಿಂದ ವಾಸ್ತು ಇತಿಹಾಸಕಾರರು ಇದನ್ನು ಇಟ್ಟಿಗೆ ಗೋಥಿಕ್ ಶೈಲಿಯ ತಾಯಿಚರ್ಚು ಎಂದು ಕರೆಯುವುದುಂಟು. 1942ರ ವಿಮಾನದಾಳಿಯಲ್ಲಿ ಒಳಭಾಗ ಬಹುಮಟ್ಟಿಗೆ ಸುಟ್ಟುಹೋಗಿ, ಯುದ್ಧಾನಂತರ ಮತ್ತೆ ಎದ್ದು ನಿಂತಿತು.

ನೆಲೆ

ಲ್ಯೂಬೆಕ್‌ನ ಹಳೆಯ ನಗರ ಒಂದು ದ್ವೀಪ. ಟ್ರಾವೆ ಮತ್ತು ವಾಕೆನಿಟ್ಸ್ ನದಿಗಳ ನೀರು ಅದನ್ನು ಸುತ್ತುವರಿದಿದೆ. ದ್ವೀಪದ ನಡುವೆ ನೆಲ ದಿಬ್ಬದಂತೆ ಉಬ್ಬಿದ್ದು, ಅದರ ನೆತ್ತಿಯ ಮೇಲೆ ಈ ಚರ್ಚಿದೆ. ದಕ್ಷಿಣಕ್ಕೆ ನಗರ ಪರಿಷತ್ತಿನ ಭವನವೂ ಸಂತೆಯ ಚೌಕವೂ ಇವೆ. ಪಶ್ಚಿಮಕ್ಕೆ, ಟ್ರಾವೆ ನದಿಯ ದಕ್ಕೆಯ ಉಗ್ರಾಣಗಳಿಂದ ಏರುತ್ತಾ ಬರುವ ಬೀದಿಗಳಲ್ಲಿ ವರ್ತಕರ ಮನೆಗಳಿದ್ದವು. ಹಡಗಿನಿಂದ ಇಳಿದ ಸರಕು, ಅದನ್ನು ಕೊಳ್ಳುವ ಮಾರುಕಟ್ಟೆ, ವ್ಯಾಜ್ಯ ತೀರಿಸುವ ಪರಿಷತ್ತು, ಪ್ರಾರ್ಥನೆಯ ಚರ್ಚು ಇವೆಲ್ಲ ಕೆಲವೇ ನಿಮಿಷಗಳ ನಡಿಗೆಯೊಳಗೆ ಇದ್ದವು. ಬಿಷಪ್ಪನ ಕೆಥೀಡ್ರಲ್ ಮಾತ್ರ ದ್ವೀಪದ ದಕ್ಷಿಣ ತುದಿಯಲ್ಲಿ, ಈ ಗಡಿಬಿಡಿಯಿಂದ ದೂರದಲ್ಲಿತ್ತು. ಚರ್ಚಿನ ಚರಿತ್ರೆಯನ್ನು ತಿಳಿಯಲು ಈ ನಕಾಶೆ ಮನಸ್ಸಿನಲ್ಲಿರಬೇಕು.

ಉಗಮ

ಹೋಲ್‌ಸ್ಟೈನ್‌ನ ಕೌಂಟ್ ಎರಡನೆಯ ಅಡಾಲ್ಫ್ 1143ರಲ್ಲಿ ಲ್ಯೂಬೆಕ್ ಊರನ್ನು ನೆಲೆಗೊಳಿಸಿದ. 1157ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 1159ರಲ್ಲಿ ಸ್ಯಾಕ್ಸನಿಯ ಡ್ಯೂಕ್, ಸಿಂಹ ಎಂಬ ಬಿರುದಿನ ಹೈನ್‌ರಿಷ್ ಅದನ್ನು ಮತ್ತೆ ಕಟ್ಟಿಸಿದ. ಮರುವರ್ಷ ಓಲ್ಡನ್‌ಬುರ್ಗ್‌ನಲ್ಲಿದ್ದ ಬಿಷಪ್ಪನ ಪೀಠ ಇಲ್ಲಿಗೆ ಬಂತು. ಸಂತೆಯ ಪಕ್ಕದ ದಿಬ್ಬದ ಮೇಲೆ ಮೊದಲಿದ್ದದ್ದು ಮರದ ಚರ್ಚು. 12ನೇ ಶತಮಾನದ ಕೊನೆಯ ಹೊತ್ತಿಗೆ ಅದರ ಜಾಗದಲ್ಲಿ ರೋಮನೆಸ್ಕ್ ಶೈಲಿಯ ಇಟ್ಟಿಗೆಯ ಚರ್ಚು ಬಂತು.

1201ರಿಂದ ಕಾಲು ಶತಮಾನ ಕಾಲ ನಗರ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. 1226ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಲ್ಯೂಬೆಕ್‌ಗೆ ಸ್ವತಂತ್ರ ಸಾಮ್ರಾಜ್ಯ ನಗರದ ಪಟ್ಟ ಕೊಟ್ಟ. ಅಲ್ಲಿಂದ ಮುಂದೆ ಅದು ಚಕ್ರವರ್ತಿಗಲ್ಲದೆ ಬೇರೆ ಯಾವ ದೊರೆಗೂ ತಲೆಬಾಗಬೇಕಾಗಿರಲಿಲ್ಲ. ಲ್ಯೂನೆಬುರ್ಗ್‌ನ ಉಪ್ಪು, ಸ್ಕೇನಿಯದ ಹೆರಿಂಗ್ ಮೀನು, ನಾರ್ವೆಯ ಬೆರ್ಗೆನ್‌ನಿಂದ ಬರುವ ಒಣಮೀನು, ರಷ್ಯದ ತುಪ್ಪುಳು ಚರ್ಮ ಮತ್ತು ಮೇಣ, ಫ್ಲಾಂಡರ್ಸ್‌ನ ಬಟ್ಟೆ ಇವೆಲ್ಲ ಈ ಊರಿನ ಮೂಲಕ ಹಾದುಹೋಗುತ್ತಿದ್ದವು. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ವರ್ತಕ ನಗರಗಳ ಹಾನ್ಸಾ ಒಕ್ಕೂಟಕ್ಕೆ ಲ್ಯೂಬೆಕ್ಕೇ ಮುಂದಾಳು. ಒಕ್ಕೂಟದ ಮೊದಲ ಮಹಾಸಭೆ 1356ರಲ್ಲಿ ಇಲ್ಲಿ ಸೇರಿತು. ಕೊನೆಯದೂ 1669ರಲ್ಲಿ ಇಲ್ಲೇ ನಡೆಯಿತು.

ಹಣ ಕೂಡಿದಂತೆ ಪರಿಷತ್ತಿಗೂ ಬಿಷಪ್ಪನಿಗೂ ನಡುವೆ ಜಗಳ ಹೆಚ್ಚಿತು. ಚರ್ಚಿನ ಪಾದ್ರಿಯನ್ನು ಯಾರು ನೇಮಿಸಬೇಕು, ಊರಿನ ಮೇಲೆ ಯಾರ ಅಧಿಕಾರ ನಡೆಯಬೇಕು ಎಂಬುದು ವಿವಾದದ ತಿರುಳು. ಬಿಷಪ್ಪನ ಕೆಥೀಡ್ರಲ್‌ಗಿಂತ ದೊಡ್ಡದನ್ನು, ಅದಕ್ಕಿಂತ ಎತ್ತರದ್ದನ್ನು ತಮ್ಮ ಭವನದ ಪಕ್ಕದಲ್ಲೇ ಕಟ್ಟುವುದು ವರ್ತಕರು ಕೊಟ್ಟ ಉತ್ತರ. ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಕಟ್ಟಡದ ಅಳತೆಯನ್ನು ನಿರ್ಧರಿಸಿದ್ದು ಈ ಪೈಪೋಟಿಯೇ.

ನಿರ್ಮಾಣದ ಹಂತಗಳು

ಇಂದಿನ ಚರ್ಚು ಒಂದೇ ಯೋಜನೆಯ ಫಲವಲ್ಲ. 13ನೇ ಶತಮಾನದ ಪೂರ್ವಾರ್ಧದಲ್ಲಿ ರೋಮನೆಸ್ಕ್ ಚರ್ಚನ್ನು ಹಾಲ್ ಮಾದರಿಗೆ, ಎಂದರೆ ನಡುಸಾಲೆ ಮತ್ತು ಪಕ್ಕಸಾಲೆಗಳು ಒಂದೇ ಎತ್ತರಕ್ಕಿರುವ ಮಾದರಿಗೆ ಬದಲಾಯಿಸುವ ಕೆಲಸ ನಡೆಯಿತು. ಪಶ್ಚಿಮಕ್ಕೆ ಒಂದೇ ಗೋಪುರ ಇರಬೇಕೆಂದಿತ್ತು. 1251ರಲ್ಲಿ ನಗರಕ್ಕೆ ದೊಡ್ಡ ಬೆಂಕಿ ಬಿತ್ತು. ಆಮೇಲಿನ ದಶಕಗಳಲ್ಲಿ ಯೋಜನೆಯೇ ಬದಲಾಯಿತು. ಫ್ರಾನ್ಸಿನ ಕೆಥೀಡ್ರಲ್‌ಗಳಂತೆ ನಡುಸಾಲೆಯನ್ನು ಪಕ್ಕಸಾಲೆಗಳಿಗಿಂತ ಬಹಳ ಮೇಲಕ್ಕೆ ಎತ್ತಿ, ಆ ಹೆಚ್ಚಿನ ಎತ್ತರದ ಗೋಡೆಯಲ್ಲಿ ಕಿಟಕಿ ತೆರೆಯುವ ಬೆಸಿಲಿಕಾ ಮಾದರಿಯನ್ನು ಆರಿಸಿಕೊಂಡರು. ಮೊದಲು ಪೂರ್ವದ ಬಲಿಪೀಠ ಭಾಗ ಎದ್ದಿತು. ಆಮೇಲೆ ಹಾಲ್ ಚರ್ಚನ್ನು ಹಂತಹಂತವಾಗಿ ಒಡೆದು ಎತ್ತರಿಸುತ್ತಾ ಪಶ್ಚಿಮಕ್ಕೆ ಬಂದರು. ಒಂದು ಗೋಪುರದ ಬದಲು ಜೋಡಿ ಗೋಪುರಗಳು ಬಂದವು. ಉತ್ತರ ಗೋಪುರದ ಕೆಲಸ 1304ರಲ್ಲಿ, ದಕ್ಷಿಣ ಗೋಪುರದ್ದು 1310ರಲ್ಲಿ ಶುರುವಾಯಿತು. 14ನೇ ಶತಮಾನದ ನಡುವಿಗೆ, 1350ರಲ್ಲಿ ಪ್ಲೇಗು ನಗರಕ್ಕೆ ಕಾಲಿಟ್ಟ ಕಾಲಕ್ಕೆ, ಗೋಪುರಗಳ ಶಿಖರಗಳು ಪೂರ್ಣವಾಗುತ್ತಿದ್ದವು.

ರಚನೆ

ಚರ್ಚಿನ ಉದ್ದ 102 ಮೀಟರು. ನಡುಸಾಲೆಯ ಎರಡು ಬದಿಗೂ ಒಂದೊಂದು ಪಕ್ಕಸಾಲೆ ಇದ್ದು, ಅವುಗಳ ಎತ್ತರ 20.7 ಮೀಟರು. ಗಾಳಿಸೂಚಿ ಸೇರಿ ಗೋಪುರಗಳ ಎತ್ತರ ಸುಮಾರು 125 ಮೀಟರು. ಎರಡಕ್ಕೂ ಇರುವ ವ್ಯತ್ಯಾಸ ಕೆಲವು ಅಂಗುಲಗಳಷ್ಟೇ.

ನಡುಸಾಲೆಯ ಒಳಗೋಡೆಯಲ್ಲಿ ಎರಡೇ ಅಂತಸ್ತುಗಳಿವೆ: ಕೆಳಗೆ ಪಕ್ಕಸಾಲೆಗೆ ತೆರೆಯುವ ಕಮಾನುಗಳ ಸಾಲು, ಮೇಲೆ ಉದ್ದನೆಯ ಕಿಟಕಿಗಳು. ಫ್ರಾನ್ಸಿನ ದೊಡ್ಡ ಚರ್ಚುಗಳಲ್ಲಿ ಇವೆರಡರ ನಡುವೆ ಕಾಣುವ ಕಿರುಮೊಗಸಾಲೆ ಇಲ್ಲಿಲ್ಲ. ಹಾಗಾಗಿ ನೆಲದಿಂದ ಚಾವಣಿಯವರೆಗೆ ಗೋಡೆ ಒಂದೇ ಓಟದಲ್ಲಿ ಏರುತ್ತದೆ, ಎತ್ತರ ಇದ್ದುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಬಲಿಪೀಠದ ಹಿಂದೆ ಸುತ್ತುಬರುವ ಪ್ರದಕ್ಷಿಣಾ ಪಥವಿದ್ದು, ಅದರಿಂದ ಕಿರುಪೂಜಾಲಯಗಳು ಹೊರಚಾಚಿವೆ. ಪಥದ ಒಂದು ಅಂಕಣಕ್ಕೂ ಅದಕ್ಕೆ ಹೊಂದಿದ ಕಿರುಪೂಜಾಲಯಕ್ಕೂ ಪ್ರತ್ಯೇಕ ಚಾವಣಿ ಹಾಕದೆ ಎರಡನ್ನೂ ಒಂದೇ ಕಮಾನು ಚಾವಣಿಯಡಿ ಕೂಡಿಸಿದ್ದು ಇಲ್ಲಿಯ ವಿಶೇಷ. ಇದರಿಂದ ಕಟ್ಟುವ ಕೆಲಸ ಸರಳವಾಯಿತು, ಒಳಾಂಗಣ ವಿಶಾಲವಾಯಿತು.

ಕಮಾನು ಚಾವಣಿಯ ಭಾರ ನೇರ ಕೆಳಗಿಳಿಯುವುದಿಲ್ಲ. ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಯನ್ನು ಹೊರಗಿನಿಂದ ತಡೆಯಲು ಪಕ್ಕಸಾಲೆಯ ಮಾಡಿನ ಮೇಲಿಂದ ಹಾದುಹೋಗುವ ಹಾರುಗಮಾನುಗಳನ್ನು ಕಟ್ಟಿದರು. ಅವು ಆ ಒತ್ತಡವನ್ನು ಹೊರಗಿನ ದಪ್ಪ ಆನಿಕೆಗೋಡೆಗಳಿಗೆ ದಾಟಿಸಿ ನೆಲಕ್ಕಿಳಿಸುತ್ತವೆ. ಕಲ್ಲಿನಲ್ಲಿ ಫ್ರೆಂಚರು ಇದನ್ನು ಆಗಲೇ ಸಾಧಿಸಿದ್ದರು. ಇಷ್ಟು ಎತ್ತರಕ್ಕೆ ಇಟ್ಟಿಗೆಯಲ್ಲಿ ಅದನ್ನು ಮಾಡಿ ತೋರಿಸಿದವರು ಅದಕ್ಕೆ ಮೊದಲು ಇರಲಿಲ್ಲ.

ಇಟ್ಟಿಗೆಯ ಬಳಕೆ

ಬಾಲ್ಟಿಕ್ ಕರಾವಳಿಯ ಬಯಲಿನಲ್ಲಿ ಕಲ್ಲುಗಣಿ ಇಲ್ಲ. ಹಿಮಯುಗದ ನೀರ್ಗಲ್ಲ ಹಾಸುಗಳು ಸ್ಕ್ಯಾಂಡಿನೇವಿಯದಿಂದ ತಳ್ಳಿಕೊಂಡು ಬಂದು ಬಿಟ್ಟುಹೋದ ಗ್ರಾನೈಟ್ ಗುಂಡುಗಳು ಅಲ್ಲಲ್ಲಿ ಸಿಗುತ್ತವೆ. ಅವು ಅಡಿಪಾಯಕ್ಕೆ ಆದಾವು, ಸೂಕ್ಷ್ಮ ಕೆತ್ತನೆಗೆ ಒಗ್ಗುವುದಿಲ್ಲ. ಜೇಡಿಮಣ್ಣಿಗೆ ಮಾತ್ರ ಕೊರತೆಯಿಲ್ಲ. 12ನೇ ಶತಮಾನದಲ್ಲಿ ಇಟ್ಟಿಗೆ ಸುಡುವ ವಿದ್ಯೆ ಈ ಸೀಮೆಗೆ ಬಂದಾಗ ಅದು ಬೇಗ ಬೇರೂರಿತು.

ಕಲ್ಲುಕುಟಿಗ ತನಗೆ ಬೇಕಾದ ಆಕಾರವನ್ನು ಕಲ್ಲಿನಲ್ಲಿ ಕೆತ್ತಿ ತೆಗೆಯುತ್ತಾನೆ. ಇಟ್ಟಿಗೆಯವನು ಸುಡುವ ಮೊದಲೇ ಆಕಾರವನ್ನು ನಿಶ್ಚಯಿಸಿಕೊಳ್ಳಬೇಕು. ಕಂಬದ ಗೀರು, ಕಿಟಕಿಯ ಚೌಕಟ್ಟು, ಚಾವಣಿಯ ಪಕ್ಕೆಲುಬು ಇವುಗಳಿಗೆ ಬೇರೆಬೇರೆ ಅಚ್ಚುಗಳನ್ನು ಮಾಡಿ, ಹಸಿಮಣ್ಣನ್ನು ಅದರಲ್ಲಿ ಒತ್ತಿ, ಒಣಗಿಸಿ ಗೂಡಿನಲ್ಲಿ ಸುಡುತ್ತಿದ್ದರು. ಸುಟ್ಟಾಗ ಮಣ್ಣು ಕುಗ್ಗುತ್ತದೆ. ಆ ಕುಗ್ಗುವಿಕೆಯ ಲೆಕ್ಕವೂ ಅಚ್ಚಿನಲ್ಲೇ ಸೇರಿರಬೇಕು. ಫ್ರೆಂಚ್ ಗೋಥಿಕ್ ಚರ್ಚಿನ ಮುಖದಲ್ಲಿ ಕಾಣುವ ಸಂತರ ಸಾಲುಸಾಲು ಶಿಲ್ಪಗಳಿಗೆ ಇಲ್ಲಿ ಅವಕಾಶವೇ ಇರಲಿಲ್ಲ. ಅಲಂಕಾರವೆಲ್ಲ ಗೋಡೆಯನ್ನು ತೆರೆಯದ ಕುರುಡುಕಮಾನುಗಳಿಗೆ, ಗೋಪುರಗಳನ್ನು ಅಂತಸ್ತುಗಳಾಗಿ ಒಡೆಯುವ ಪಟ್ಟಿಗಳಿಗೆ, ಇಟ್ಟಿಗೆಯ ಕೆಂಪಿನ ಬೇರೆಬೇರೆ ಛಾಯೆಗಳಿಗೆ ಸೀಮಿತವಾಯಿತು. ಇದನ್ನು ಕೊರತೆ ಎಂದು ನೋಡುವುದು ತಪ್ಪು. ದೊಡ್ಡ ಸಮತಲಗಳ, ಗಟ್ಟಿ ರೇಖೆಗಳ ಈ ಗಾಂಭೀರ್ಯವೇ ಇಟ್ಟಿಗೆ ಗೋಥಿಕ್ ಒಂದು ಸ್ವತಂತ್ರ ಶೈಲಿ ಎನಿಸಿಕೊಳ್ಳಲು ಕಾರಣ. ಮಾಡಿಗೆ ತಾಮ್ರದ ತಗಡು ಹೊದಿಸಿದೆ. ತಾಮ್ರ ಗಾಳಿಗೆ ಹಸಿರುಗಟ್ಟುವುದರಿಂದ ಕೆಂಪು ಗೋಡೆಯ ಮೇಲೆ ಹಸಿರು ಶಿಖರ ನಗರದ ದೂರನೋಟದ ಗುರುತಾಗಿದೆ.

ಕಿರುಪೂಜಾಲಯಗಳು ಮತ್ತು ನಗರ ಪರಿಷತ್ತು

ದಕ್ಷಿಣ ಗೋಪುರಕ್ಕೆ ತಾಗಿ 1310ರಲ್ಲಿ ಕಟ್ಟಿದ ಕಿರುಪೂಜಾಲಯಕ್ಕೆ ಬ್ರೀಫ್‌ಕಾಪೆಲ್ಲೆ, ಎಂದರೆ ಪತ್ರಗಳ ಪೂಜಾಲಯ ಎಂಬ ಹೆಸರಿದೆ. ಸಂತೆಯ ಕಡೆಯಿಂದ ಬರುವವರಿಗೆ ಇದೇ ಹೆಬ್ಬಾಗಿಲಾಗಿತ್ತು. ಮುಂದೆ ಕೂಲಿಗೆ ಪತ್ರ ಬರೆದುಕೊಡುವ ಬರಹಗಾರರು ಇಲ್ಲಿ ಕೂರತೊಡಗಿದ್ದರಿಂದ ಈ ಹೆಸರು ಬಂತು. ಎರಡು ತೆಳ್ಳನೆಯ ಗ್ರಾನೈಟ್ ಕಂಬಗಳ ಮೇಲೆ ನಿಂತ ಇದರ ನಕ್ಷತ್ರಾಕಾರದ ಚಾವಣಿ ಉನ್ನತ ಗೋಥಿಕ್ ಕಾಲದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಕಲ್ಲುಗಣಿಯೇ ಇಲ್ಲದ ಊರಿನಲ್ಲಿ ಇಂಥ ಕಂಬಗಳನ್ನು ನಿಲ್ಲಿಸಿದ್ದು ಕಟ್ಟಿಸಿದವರ ಸಿರಿವಂತಿಕೆಯ ಘೋಷಣೆಯೂ ಹೌದು.

ಬಲಿಪೀಠ ಭಾಗದ ಆಗ್ನೇಯ ಮೂಲೆಯಲ್ಲಿ ನಗರಾಧ್ಯಕ್ಷರ ಪೂಜಾಲಯವಿದೆ. ಹೊಸದಾಗಿ ಆರಿಸಿಬಂದ ಪರಿಷತ್ತನ್ನು ಅಧಿಕಾರದಲ್ಲಿ ಕೂರಿಸುವ ವಿಧಿ ಇಲ್ಲಿ ನಡೆಯುತ್ತಿತ್ತು. ಇದರ ಮೇಲಿನ ಅಂತಸ್ತು ಟ್ರೇಸೆ ಎಂಬ ಭಂಡಾರ. ನಗರಕ್ಕೆ ಚಕ್ರವರ್ತಿಗಳು ಕೊಟ್ಟ ಸನದುಗಳು, ಪರರಾಜ್ಯಗಳೊಂದಿಗಿನ ಕರಾರುಗಳು ಶತಮಾನಗಳ ಕಾಲ ಈ ಕೋಣೆಯಲ್ಲಿ ಭದ್ರವಾಗಿದ್ದವು. ಈ ಭಾಗದ ಒಡೆತನ ಇಂದಿಗೂ ಚರ್ಚಿನದಲ್ಲ, ನಗರದ್ದು. ಊರಿನ ಹಕ್ಕುಪತ್ರಗಳನ್ನು ಪರಿಷತ್ ಭವನದಲ್ಲಿಡದೆ ಚರ್ಚಿನ ಗೋಡೆಗಳ ನಡುವೆ ಇಟ್ಟರು ಎಂಬ ಒಂದೇ ಸಂಗತಿ ಈ ಎರಡು ಸಂಸ್ಥೆಗಳ ನಂಟನ್ನು ಹೇಳಲು ಸಾಕು.

ಆನಿಕೆಗೋಡೆಗಳ ನಡುವಿನ ಜಾಗಗಳನ್ನು 14ನೇ ಶತಮಾನದಿಂದ ವರ್ತಕ ಮನೆತನಗಳು ಮತ್ತು ಸಂಘಗಳು ತಮ್ಮ ಪೂಜಾಲಯಗಳಾಗಿ ಮಾಡಿಕೊಂಡವು. ಬೆರ್ಗೆನ್‌ಗೆ ಹಡಗು ನಡೆಸುವ ವರ್ತಕರ ಸಂಘಕ್ಕೂ ತನ್ನದೇ ಪೂಜಾಲಯವಿತ್ತು. ಸತ್ತವರನ್ನು ಚರ್ಚಿನ ನೆಲದಡಿ ಹೂಳಿ ಮೇಲೆ ಬರಹದ ಚಪ್ಪಡಿ ಹಾಸುವ ರೂಢಿಯಿತ್ತು.

ಧರ್ಮಸುಧಾರಣೆ

ಮಾರ್ಟಿನ್ ಲೂಥರನ ಬೋಧನೆ ಲ್ಯೂಬೆಕ್‌ನಲ್ಲಿ ಮೊದಲು ಹಿಡಿದದ್ದು ಕುಶಲಕರ್ಮಿಗಳ ಮತ್ತು ಸಾಮಾನ್ಯ ನಾಗರಿಕರ ನಡುವೆ. ಪರಿಷತ್ತು ಮೊದಮೊದಲು ವಿರೋಧಿಸಿ ಕೊನೆಗೆ ಮಣಿಯಿತು. ಲೂಥರನ ಸಹವರ್ತಿ ಯೋಹಾನೆಸ್ ಬೂಗೆನ್‌ಹಾಗೆನ್ ರಚಿಸಿದ ಚರ್ಚು ಕಟ್ಟಳೆ 1531ರಲ್ಲಿ ಜಾರಿಗೆ ಬಂತು. ಅಂದಿನಿಂದ ಸಂತ ಮೇರಿ ಚರ್ಚು ಲೂಥರನ್ ಪಂಥದ್ದು. ಹಳೆಯ ಚಿತ್ರಗಳನ್ನೂ ಬಲಿಪೀಠಗಳನ್ನೂ ಒಡೆದುಹಾಕುವ ಉನ್ಮಾದಕ್ಕೆ ಇಲ್ಲಿ ಎಡೆಯಿರಲಿಲ್ಲ. ಮಧ್ಯಯುಗದ ಕೃತಿಗಳು ಹೆಚ್ಚಿನಂಶ ಇದ್ದಲ್ಲೇ ಉಳಿದವು.

ಸಂಗೀತ

ಲೂಥರನ್ ಆರಾಧನೆಯಲ್ಲಿ ಸಂಗೀತಕ್ಕೆ ದೊಡ್ಡ ಸ್ಥಾನ. ಈ ಚರ್ಚಿನಲ್ಲಿ ಎರಡು ಪೈಪ್ ಆರ್ಗನ್‌ಗಳಿದ್ದವು. 1477ರ ಚಿಕ್ಕದು, ಮೃತ್ಯು ಜನರೊಡನೆ ಕುಣಿಯುವ ಮೃತ್ಯುನೃತ್ಯದ ಚಿತ್ರವಿದ್ದ ಪೂಜಾಲಯದಲ್ಲಿತ್ತು. 1516ರಿಂದ 1518ರವರೆಗೆ ಮಾಡಿದ ದೊಡ್ಡದು ಪಶ್ಚಿಮ ಗೋಡೆಗೆ ಒರಗಿತ್ತು.

1641ರಲ್ಲಿ ಆರ್ಗನ್ ವಾದಕನಾಗಿ ಬಂದ ಫ್ರಾಂಟ್ಸ್ ಟುಂಡರ್ ಆರಾಧನೆಗೆ ಹೊರತಾದ ವಾದನ ಕಚೇರಿಗಳನ್ನು ಚರ್ಚಿನಲ್ಲಿ ಆರಂಭಿಸಿದ. ಇವಕ್ಕೆ ಆಬೆಂಡ್‌ಮೂಸಿಕ್, ಸಂಜೆಯ ಸಂಗೀತ, ಎಂಬ ಹೆಸರು ನಿಂತಿತು. ಅವನು 1667ರಲ್ಲಿ ತೀರಿಕೊಂಡ ಮೇಲೆ 1668ರಲ್ಲಿ ಡೀಟ್ರಿಷ್ ಬುಕ್ಸ್ಟೆಹೂಡೆ ಆ ಹುದ್ದೆಗೆ ಬಂದ, ಟುಂಡರನ ಮಗಳು ಆನಾ ಮಾರ್ಗರೇಟೆಯನ್ನು ಮದುವೆಯಾದ, 1707ರಲ್ಲಿ ಸಾಯುವವರೆಗೂ ಇಲ್ಲೇ ಇದ್ದ. ವಾದನದ ಜೊತೆಗೆ ಚರ್ಚಿನ ಲೆಕ್ಕಪತ್ರ ಮತ್ತು ಕಟ್ಟಡದ ಮೇಲ್ವಿಚಾರಣೆಯೂ ಅವನ ಪಾಲಿನ ಕೆಲಸವಾಗಿತ್ತು. ಸಂಜೆಯ ಸಂಗೀತವನ್ನು ಅವನು ಕ್ರಿಸ್‌ಮಸ್‌ಗೆ ಮುಂಚಿನ ಐದು ಭಾನುವಾರಗಳಿಗೆ ಗೊತ್ತುಮಾಡಿದ. ಗಾಯಕರೂ ವಾದ್ಯಗಾರರೂ ಸೇರಿದ ದೊಡ್ಡ ಮೇಳಗಳನ್ನು ಕಟ್ಟಿದ. ಖರ್ಚನ್ನು ಹೊರುತ್ತಿದ್ದವರು ವರ್ತಕರು. ದೊರೆಯ ಆಸ್ಥಾನವೂ ಅಲ್ಲದ, ಆರಾಧನೆಯ ಭಾಗವೂ ಅಲ್ಲದ, ಊರವರಿಗಾಗಿ ನಡೆದ ಇಂಥ ಕಚೇರಿಗಳು ಅಂದಿನ ಯುರೋಪಿನಲ್ಲಿ ವಿರಳ. ಅವು 1810ರವರೆಗೆ ನಡೆದುಬಂದವು.

1703ರಲ್ಲಿ ಸಂಗೀತಗಾರರಾದ ಹ್ಯಾಂಡೆಲ್ ಮತ್ತು ಯೋಹಾನ್ ಮಾಟೆಸನ್ ಹ್ಯಾಂಬರ್ಗ್‌ನಿಂದ ಬಂದು ಬುಕ್ಸ್ಟೆಹೂಡೆಯನ್ನು ಕಂಡರು. ಅವನ ನಂತರ ಹುದ್ದೆ ಬೇಕಾದವರು ಅವನ ಮಗಳನ್ನು ಮದುವೆಯಾಗಬೇಕಿತ್ತು. ಇಬ್ಬರೂ ಒಪ್ಪದೆ ಹಿಂದಿರುಗಿದರು. 1705ರ ಶರತ್ಕಾಲದಲ್ಲಿ, ಆರ್ನ್‌ಸ್ಟಾಟ್ ಎಂಬ ಊರಿನಲ್ಲಿ ಆರ್ಗನ್ ವಾದಕನಾಗಿದ್ದ 20 ವರ್ಷದ ಯೋಹಾನ್ ಸೆಬಾಸ್ಟಿಯನ್ ಬಾಖ್ ನಾಲ್ಕು ವಾರದ ರಜೆ ಪಡೆದು ಸುಮಾರು 400 ಕಿಲೋಮೀಟರು ದಾರಿ ನಡೆದು ಬಂದ. ಆ ಡಿಸೆಂಬರ್ 2 ಮತ್ತು 3ರಂದು, ತೀರಿಕೊಂಡ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡನಿಗೆ ಶೋಕವಾಗಿಯೂ ಪಟ್ಟಕ್ಕೆ ಬಂದ ಮೊದಲನೆಯ ಯೋಸೆಫನಿಗೆ ಸ್ವಾಗತವಾಗಿಯೂ ಎರಡು ವಿಶೇಷ ಸಂಜೆಯ ಸಂಗೀತಗಳು ನಡೆದವು. ಬಾಖ್ ಊರಿಗೆ ಮರಳಿದಾಗ ಸುಮಾರು ನಾಲ್ಕು ತಿಂಗಳು ಕಳೆದಿತ್ತು. 1706ರ ಫೆಬ್ರುವರಿಯಲ್ಲಿ ಅಲ್ಲಿನ ಚರ್ಚಿನ ಅಧಿಕಾರಿಗಳು ಅವನಿಂದ ವಿವರಣೆ ಕೇಳಿದರು. ಬಾಖನ ಆರಂಭಕಾಲದ ಆರ್ಗನ್ ಕೃತಿಗಳ ಮೇಲೆ ಬುಕ್ಸ್ಟೆಹೂಡೆಯ ಮುದ್ರೆ ಸ್ಪಷ್ಟ. ಬುಕ್ಸ್ಟೆಹೂಡೆಯ ಹುದ್ದೆಯೂ ಮಗಳೂ ಕೊನೆಗೆ ಯೋಹಾನ್ ಕ್ರಿಸ್ಟಿಯಾನ್ ಶೀಫರ್‌ಡೆಕರ್‌ಗೆ ದೊರೆತರು.

ಕಲಾಕೃತಿಗಳು

ಉಳಿದುಬಂದವುಗಳಲ್ಲಿ ಹಳೆಯದು 1337ರಲ್ಲಿ ಹಾನ್ಸ್ ಆಪೆಂಗೆಟರ್ ಎರಕ ಹೊಯ್ದ ಕಂಚಿನ ದೀಕ್ಷಾಸ್ನಾನದ ಪಾತ್ರೆ. ಪವಿತ್ರ ರೊಟ್ಟಿಯನ್ನು ಇರಿಸಲು ಕ್ಲಾಸ್ ಗ್ರೂಡೆ 1479ರಲ್ಲಿ ಮುಗಿಸಿದ ಗೋಪುರಾಕಾರದ ಕಂಚಿನ ಪೆಟ್ಟಿಗೆ ಸುಮಾರು 9.5 ಮೀಟರು ಎತ್ತರವಿದ್ದು ಬಲಿಪೀಠ ಭಾಗದ ಉತ್ತರ ಗೋಡೆಯ ಬಳಿ ಇದೆ. ಪೂರ್ವ ತುದಿಯ ಮೇರಿಯ ಪೂಜಾಲಯದಲ್ಲಿರುವುದು 1518ರಲ್ಲಿ ಆಂಟ್ವರ್ಪ್‌ನಲ್ಲಿ ಮಾಡಿದ ಮಡಿಸುವ ಬಾಗಿಲುಗಳ ಬಲಿಪೀಠ. ಮೇರಿಯ ಬದುಕಿನ ಪ್ರಸಂಗಗಳನ್ನು ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಕೃತಿ ಇದು.

ಪ್ರದಕ್ಷಿಣಾ ಪಥದಲ್ಲಿ ಹೈನ್‌ರಿಷ್ ಬ್ರಾಬೆಂಡರ್ 1515ರ ಸುಮಾರಿಗೆ ಕೆತ್ತಿದ, ಯೇಸುವಿನ ಕೊನೆಯ ದಿನಗಳ ಉಬ್ಬುಶಿಲ್ಪಗಳಿವೆ. ಕಡೆಯ ಭೋಜನದ ಶಿಲ್ಪದ ಮೂಲೆಯಲ್ಲಿ ಬಳ್ಳಿಯ ಬುಡ ಕಡಿಯುತ್ತಿರುವ ಪುಟ್ಟ ಇಲಿಯೊಂದಿದೆ. ಇದರ ಸುತ್ತ ಒಂದು ಐತಿಹ್ಯ ಬೆಳೆದಿದೆ. ಚರ್ಚಿನ ಗೋಡೆಗೆ ಹಬ್ಬಿದ ಗುಲಾಬಿ ಗಿಡ ಹೂ ಬಿಡುವಷ್ಟು ಕಾಲ ನಗರ ಸ್ವತಂತ್ರವಾಗಿರುವುದೆಂದು ಜನ ನಂಬಿದ್ದರಂತೆ. ಇಲಿಯೊಂದು ಅದರ ಬೇರಲ್ಲಿ ಗೂಡು ಮಾಡಿ ಕಡಿದುಹಾಕಿದ ಮೇಲೆ ಡೆನ್ಮಾರ್ಕಿನವರು ಊರನ್ನು ವಶಪಡಿಸಿಕೊಂಡರಂತೆ. ಇಲಿಯನ್ನು ಮುಟ್ಟಿದರೆ ಅದೃಷ್ಟ ಕೂಡುತ್ತದೆಂದು ನಂಬಿ ಬಂದವರೆಲ್ಲ ಸವರುವುದರಿಂದ ಅದು ನುಣುಪಾಗಿ ಕಪ್ಪಗೆ ಮಿರುಗುತ್ತದೆ. ಹೊರಗೆ ಗೋಡೆಯ ಪಕ್ಕದಲ್ಲಿರುವ ಗ್ರಾನೈಟ್ ಗುಂಡಿಗೂ ಕಥೆಯಿದೆ: ಕಟ್ಟುತ್ತಿರುವುದು ಮದ್ಯದಂಗಡಿ ಎಂದು ನಂಬಿ ಕೈಜೋಡಿಸಿದ ಸೈತಾನ, ನಿಜ ತಿಳಿದು ಕಟ್ಟಡ ಒಡೆಯಲು ಎತ್ತಿದ ಬಂಡೆಯಿದು, ಪಕ್ಕದಲ್ಲೇ ಮದ್ಯದಂಗಡಿಯನ್ನೂ ಕಟ್ಟಿಕೊಡುವ ಮಾತಿನ ಮೇಲೆ ಅದನ್ನು ಕೆಳಗಿಟ್ಟ. ಈ ಕಲ್ಲಿನ ಮೇಲೆ 1999ರಲ್ಲಿ ಕಂಚಿನ ಸೈತಾನನ ಮೂರ್ತಿ ಕೂರಿಸಿದ್ದಾರೆ.

ವರ್ತಕ ಟೋಮಾಸ್ ಫ್ರೆಡನ್‌ಹಾಗೆನ್‌ನ ಕೊಡುಗೆಯಾಗಿ ಆಂಟ್ವರ್ಪ್‌ನ ಟೋಮಾಸ್ ಕ್ವೆಲಿನಸ್ 1697ರಲ್ಲಿ ಮಾಡಿಕೊಟ್ಟ ಬರೋಕ್ ಶೈಲಿಯ ಅಮೃತಶಿಲೆಯ ಮುಖ್ಯ ಬಲಿಪೀಠ 1942ರಲ್ಲಿ ಜಖಂಗೊಂಡಿತು. ಯುದ್ಧಾನಂತರ ಅದನ್ನು ಬಿಚ್ಚಿಡಲಾಗಿದ್ದು, ಬಿಡಿ ಶಿಲ್ಪಗಳನ್ನು ಪ್ರದಕ್ಷಿಣಾ ಪಥದಲ್ಲಿ ನೋಡಬಹುದು.

ಮೃತ್ಯುನೃತ್ಯ

ಚರ್ಚಿನ ಅತ್ಯಂತ ಪ್ರಸಿದ್ಧ ಕೃತಿ ಇಂದು ಇಲ್ಲ. ಬೆರ್ಂಟ್ ನೋಟ್ಕೆ 1463ರಲ್ಲಿ ಮಾಡಿದ ಮೃತ್ಯುನೃತ್ಯದ ಚಿತ್ರಪಟ ಸುಮಾರು 30 ಮೀಟರು ಉದ್ದವಿದ್ದು, ಒಂದು ಪೂಜಾಲಯದ ಗೋಡೆಗಳನ್ನು ಸುತ್ತುವರಿದಿತ್ತು. ಪೋಪ್‌ನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಸಮಾಜದ ಎಲ್ಲ ಅಂತಸ್ತಿನವರೂ ಅಂತಸ್ತಿನ ಕ್ರಮದಲ್ಲೇ ನಿಂತಿದ್ದರು. ಇಬ್ಬಿಬ್ಬರ ನಡುವೆ ಕೈಹಿಡಿದು ಕುಣಿಯುವ ಅಸ್ಥಿಪಂಜರ. ಕೆಳಗೆ ಮೃತ್ಯುವಿನ ಮತ್ತು ಮನುಷ್ಯರ ಸಂವಾದ ಪದ್ಯರೂಪದಲ್ಲಿತ್ತು. ಹಿನ್ನೆಲೆಯಲ್ಲಿ ಗೋಪುರಗಳೊಡನೆ ಲ್ಯೂಬೆಕ್ ನಗರವೇ ಕಾಣುತ್ತಿತ್ತು. ಪ್ಲೇಗು ಮರುಕಳಿಸುತ್ತಿದ್ದ ಊರಿನ ಜನಕ್ಕೆ ಇದು ದೂರದ ಉಪದೇಶವಾಗಿರಲಿಲ್ಲ. ಮೂಲಚಿತ್ರ ಶಿಥಿಲವಾದ್ದರಿಂದ 1701ರಲ್ಲಿ ಆಂಟನ್ ವೋರ್ಟ್‌ಮನ್ ಅದರ ಪ್ರತಿಯನ್ನು ಬರೆದ, ಪದ್ಯಗಳನ್ನೂ ಹೊಸದಾಗಿ ಕಟ್ಟಿಸಿದರು. ಆ ಪ್ರತಿ 1942ರಲ್ಲಿ ಸುಟ್ಟುಹೋಯಿತು. ನೋಟ್ಕೆಯ ಕೈಯದೇ ಎನ್ನಲಾದ ಇಂಥದೇ ಚಿತ್ರದ ಒಂದು ತುಂಡು ಎಸ್ಟೋನಿಯದ ಟಾಲಿನ್‌ನ ಸಂತ ನಿಕೊಲಾಸ್ ಚರ್ಚಿನಲ್ಲಿ ಉಳಿದಿದೆ. ಲ್ಯೂಬೆಕ್‌ನಲ್ಲಿ ಆಲ್‌ಫ್ರೆಡ್ ಮಾಲೌ 1950ರ ದಶಕದಲ್ಲಿ ಸುಟ್ಟ ಚಿತ್ರದ ಆಕೃತಿಗಳನ್ನು ಬಳಸಿ ಅದೇ ಪೂಜಾಲಯಕ್ಕೆ ಎರಡು ಗಾಜಿನ ಕಿಟಕಿಗಳನ್ನು ರೂಪಿಸಿದರು.

1942ರ ವಿಮಾನದಾಳಿ

1942ರ ಮಾರ್ಚ್ 28ರ ರಾತ್ರಿ, ಗರಿಗಳ ಭಾನುವಾರ ಬೆಳಗಾಗುವ ಮುನ್ನ, ಬ್ರಿಟಿಷ್ ವಾಯುಪಡೆಯ ಇನ್ನೂರಕ್ಕೂ ಹೆಚ್ಚು ವಿಮಾನಗಳು ಲ್ಯೂಬೆಕ್ ಮೇಲೆ ಬೆಂಕಿಬಾಂಬು ಸುರಿದವು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳೆಯ ನಗರದ ಸುಮಾರು ಐದನೇ ಒಂದು ಭಾಗ ನಾಶವಾಯಿತು. ಕೆಥೀಡ್ರಲ್ ಮತ್ತು ಸಂತ ಪೇತ್ರನ ಚರ್ಚುಗಳೂ ಉರಿದವು.

ಸಂತ ಮೇರಿ ಚರ್ಚಿನ ಮಾಡು ಮತ್ತು ಶಿಖರಗಳ ಮರಗೆಲಸವೆಲ್ಲ ಹೊತ್ತಿಕೊಂಡು ಕುಸಿಯಿತು. ಎರಡು ಆರ್ಗನ್‌ಗಳು, ಮೃತ್ಯುನೃತ್ಯ, 1561ರಿಂದ 1566ರವರೆಗೆ ಮಾಡಿದ ಖಗೋಳ ಗಡಿಯಾರ, ಗೋಡೆಗಳಲ್ಲಿದ್ದ ಮರದ ಸ್ಮಾರಕ ಫಲಕಗಳು, ಬಣ್ಣದ ಗಾಜು ಎಲ್ಲ ಹೋದವು. ದಕ್ಷಿಣ ಗೋಪುರದ ಎರಡು ಘಂಟೆಗಳು ಕಳಚಿ ಕೆಳಗಿನ ನೆಲಕ್ಕೆ ಬಿದ್ದವು. ಅವುಗಳಲ್ಲಿ ದೊಡ್ಡದು 1668ರಲ್ಲಿ ಆಲ್ಬರ್ಟ್ ಬೆನಿಂಗ್ ಎರಕ ಹೊಯ್ದದ್ದು, ತೂಕ 7 ಟನ್ನಿಗೂ ಹೆಚ್ಚು. ಬಿದ್ದ ರಭಸಕ್ಕೆ ಕಂಚು ಚೂರಾಗಿ, ನೆಲದ ಚಪ್ಪಡಿಗಳು ಒಡೆದು ಒಳಕ್ಕೆ ಕುಸಿದವು. ಆ ಚೂರುಗಳನ್ನು ಎತ್ತದೆ, ಬಿದ್ದ ಜಾಗದಲ್ಲೇ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. 1940ರಲ್ಲಿ ಜರ್ಮನ್ ವಿಮಾನಗಳು ಸುಟ್ಟ ಇಂಗ್ಲೆಂಡಿನ ಕೊವೆಂಟ್ರಿ ಕೆಥೀಡ್ರಲ್‌ನಿಂದ ಬಂದ ಮೊಳೆಗಳ ಶಿಲುಬೆ ಈಗ ಇದೇ ಚರ್ಚಿನಲ್ಲಿದೆ. ಎರಡು ಊರುಗಳ ಸಂಧಾನದ ಗುರುತು ಅದು.

ಪುನರ್ನಿರ್ಮಾಣ

ಗೋಡೆಗಳೂ ಗೋಪುರಗಳ ಇಟ್ಟಿಗೆ ಕಾಯವೂ ನಿಂತಿದ್ದವು, ಆದರೆ ಮಳೆಗೂ ಹಿಮಕ್ಕೂ ತೆರೆದುಕೊಂಡಿದ್ದ ಕಮಾನು ಚಾವಣಿಗಳು ಅಪಾಯದಲ್ಲಿದ್ದವು. 1947ರಲ್ಲಿ ಮೊದಲಾದ ಕೆಲಸ ಹನ್ನೆರಡು ವರ್ಷಗಳಲ್ಲಿ ಬಹುಮಟ್ಟಿಗೆ ಮುಗಿಯಿತು. ಮತ್ತೆ ಬೆಂಕಿ ಹತ್ತದಿರಲೆಂದು ಮಾಡಿಗೆ ಮರದ ಬದಲು ಹಗುರ ಕಾಂಕ್ರೀಟು ಬಳಸಿದರು. ಬರೋಕ್ ಕಾಲದ ಸಾಮಗ್ರಿಗಳನ್ನು ಮರಳಿ ಮಾಡಲಿಲ್ಲ. ಈಗ ಒಳಗೆ ಕಾಣುವ ತೆರಪು, ಬೆಳಕು ಮಧ್ಯಯುಗದ್ದಕ್ಕಿಂತ ಯುದ್ಧಾನಂತರದ ಆಯ್ಕೆಗೆ ಹೆಚ್ಚು ಋಣಿ. ಗೋಪುರಕ್ಕೆ ಬಂದ ಘಂಟೆಗಳಲ್ಲಿ ಕೆಲವು ಡಾನ್ಸಿಗ್, ಇಂದಿನ ಪೋಲೆಂಡಿನ ಗ್ಡಾನ್ಸ್ಕ್, ನಗರದ ಚರ್ಚುಗಳವು. ಯುದ್ಧಕಾಲದಲ್ಲಿ ಕರಗಿಸಲೆಂದು ಒಯ್ದಿದ್ದವು ಹಾಗೇ ಉಳಿದು ಇಲ್ಲಿಗೆ ಸೇರಿದವು. ಗಡಿಯಾರ ತಯಾರಕ ಪಾಲ್ ಬೆರೆನ್ಸ್ 1960ರ ದಶಕದಲ್ಲಿ ಹೊಸ ಖಗೋಳ ಗಡಿಯಾರ ಮಾಡಿಕೊಟ್ಟರು. ಹಳೆಯದರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆಗಳು ಯೇಸುವಿನ ಮುಂದೆ ಸಾಗುತ್ತಿದ್ದರು. ಹೊಸದರಲ್ಲಿ ಲೋಕದ ಬೇರೆಬೇರೆ ಜನಾಂಗಗಳವರು ಸಾಗುತ್ತಾರೆ.

1968ರಲ್ಲಿ ಕೆಂಪರ್ ಸಂಸ್ಥೆ ಕಟ್ಟಿದ ದೊಡ್ಡ ಆರ್ಗನ್‌ನಲ್ಲಿ ಕೈಗಳಿಗೆ 5 ಕೀಲಿಮಣೆಗಳು, 101 ಸ್ವರಶ್ರೇಣಿಗಳು, ಎಂಟು ಸಾವಿರಕ್ಕೂ ಮಿಕ್ಕಿದ ಕೊಳವೆಗಳಿವೆ. ಯಾಂತ್ರಿಕ ಜೋಡಣೆಯ ಆರ್ಗನ್‌ಗಳಲ್ಲಿ ಅಂದು ಇದು ಜಗತ್ತಿನಲ್ಲೇ ದೊಡ್ಡದು. 1986ರಲ್ಲಿ ಫ್ಯೂರರ್ ಸಂಸ್ಥೆಯ ಹೊಸ ಮೃತ್ಯುನೃತ್ಯ ಆರ್ಗನ್ ಬಂತು.

ನಕಲಿ ಭಿತ್ತಿಚಿತ್ರಗಳ ಪ್ರಕರಣ

ಬೆಂಕಿಯ ಶಾಖಕ್ಕೆ ಗೋಡೆಗಳ ಸುಣ್ಣ ಉದುರಿ, ಅದರಡಿ ಶತಮಾನಗಳಿಂದ ಮುಚ್ಚಿಹೋಗಿದ್ದ ಗೋಥಿಕ್ ಕಾಲದ ಭಿತ್ತಿಚಿತ್ರಗಳು ಹೊರಬಂದವು. 1948ರಿಂದ ಅವನ್ನು ಸರಿಪಡಿಸುವ ಹೊಣೆ ಡೀಟ್ರಿಷ್ ಫೈ ಎಂಬ ಸಂರಕ್ಷಕನದಾಗಿತ್ತು. ಕುಂಚ ಹಿಡಿದವನು ಅವನ ಕೈಕೆಳಗಿನ ಲೋಟರ್ ಮಾಲ್ಸ್ಕಾಟ್. ನಡುಸಾಲೆಯಲ್ಲಿ ಮೂಲ ಚಿತ್ರಗಳಿದ್ದವು. ಬಲಿಪೀಠ ಭಾಗದಲ್ಲಿ ಮಾತ್ರ ಉಳಿದಿದ್ದದ್ದು ಬಣ್ಣದ ಮಸುಕು ಗುರುತುಗಳಷ್ಟೇ. ಅಲ್ಲಿ ಮಾಲ್ಸ್ಕಾಟ್ ಸಂತರ ಆಕೃತಿಗಳನ್ನು ತಾನೇ ಹೊಸದಾಗಿ ಬರೆದ. 1951ರಲ್ಲಿ ಚರ್ಚಿನ 700ನೇ ವರ್ಷದ ಉತ್ಸವ ನಡೆದಾಗ ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಆಡೆನೌವರ್ ಬಂದಿದ್ದರು. ಈ ಭಿತ್ತಿಚಿತ್ರಗಳ ಆಕೃತಿಗಳಿದ್ದ ಅಂಚೆಚೀಟಿಗಳೂ ಹೊರಬಂದವು. ಹೆಸರೆಲ್ಲ ಫೈಗೆ ಸಂದಿತು.

1952ರಲ್ಲಿ ಮಾಲ್ಸ್ಕಾಟ್ ಸತ್ಯವನ್ನು ಹೊರಗೆಡಹಿದ. ಮೊದಲು ಯಾರೂ ನಂಬಲಿಲ್ಲ. ತನ್ನ ಮೇಲೆಯೇ ದೂರು ದಾಖಲಿಸಿ ವಿಚಾರಣೆ ನಡೆಯುವಂತೆ ಮಾಡಿದ. 1955ರಲ್ಲಿ ಫೈಗೆ 20 ತಿಂಗಳು, ಮಾಲ್ಸ್ಕಾಟ್‌ಗೆ 18 ತಿಂಗಳು ಸೆರೆವಾಸ ವಿಧಿಸಲಾಯಿತು. ಬಲಿಪೀಠ ಭಾಗದ ನಕಲಿ ಚಿತ್ರಗಳನ್ನು ತೊಳೆದುಹಾಕಿದರು. ನಡುಸಾಲೆಯ ಚಿತ್ರಗಳು ಉಳಿದಿವೆ, ಆದರೆ ಅವುಗಳಲ್ಲಿಯೂ ದುರಸ್ತಿಯ ಕೈವಾಡ ಎಷ್ಟೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು. ಹಳೆಯ ಚಿತ್ರಗಳ ದುರಸ್ತಿಯಲ್ಲಿ ಮುನ್ನ ಹೇಗಿತ್ತು, ಏನು ಸೇರಿತು ಎಂಬ ದಾಖಲೆ ಯಾಕೆ ಬೇಕು ಎನ್ನುವುದಕ್ಕೆ ಸಂರಕ್ಷಣಾ ಶಾಸ್ತ್ರದಲ್ಲಿ ಈ ಪ್ರಕರಣವನ್ನು ಇಂದಿಗೂ ಉದಾಹರಿಸುತ್ತಾರೆ. ಗುಂಟರ್ ಗ್ರಾಸ್ 1986ರ ತಮ್ಮ ಕಾದಂಬರಿ ಡೀ ರೆಟಿನ್‌ನಲ್ಲಿ ಮಾಲ್ಸ್ಕಾಟ್‌ನ ಕಥೆಯನ್ನು ಬಳಸಿಕೊಂಡಿದ್ದಾರೆ.

ಪ್ರಭಾವ

ಹಾನ್ಸಾ ನಗರಗಳ ನಡುವೆ ಸರಕಿನೊಂದಿಗೆ ಕಟ್ಟಡದ ಕಲ್ಪನೆಗಳೂ ಓಡಾಡಿದವು. ಸ್ಟ್ರಾಲ್‌ಸುಂಡ್ ಮತ್ತು ವಿಸ್ಮಾರ್‌ಗಳ ಸಂತ ನಿಕೊಲಾಸ್ ಚರ್ಚುಗಳು, ರೋಸ್ಟಾಕ್‌ನ ಸಂತ ಮೇರಿ ಚರ್ಚು, ಡೊಬೆರಾನ್‌ನ ಮಠದ ಚರ್ಚು ಲ್ಯೂಬೆಕ್‌ನ ಮಾದರಿಯ ಋಣ ಹೊತ್ತಿವೆ.

ಸಾಹಿತ್ಯದಲ್ಲಿ ಈ ಚರ್ಚಿನ ಹೆಸರು ಕಾದಂಬರಿಕಾರ ಟೋಮಾಸ್ ಮನ್‌ರೊಂದಿಗೆ ಸೇರಿದೆ. 1875ರಲ್ಲಿ ಲ್ಯೂಬೆಕ್‌ನಲ್ಲಿ ಹುಟ್ಟಿದ ಮನ್ ಇಲ್ಲಿಯೇ ದೀಕ್ಷಾಸ್ನಾನ ಪಡೆದವರು. ಅವರ ಅಜ್ಜನ ಮನೆ ಚರ್ಚಿನ ಉತ್ತರಕ್ಕೆ ಮೆಂಗ್ ಬೀದಿಯಲ್ಲಿತ್ತು. 1901ರ ಬುಡೆನ್‌ಬ್ರೂಕ್ಸ್ ಕಾದಂಬರಿಯ ಕಥೆ ಬೆಳೆಯುವುದು ಆ ಮನೆಯಲ್ಲಿ, ಈ ಚರ್ಚಿನ ಘಂಟೆಗಳ ಸದ್ದಿನಲ್ಲಿ. ಕನ್ನಡಿಗರಿಗೆ ಮನ್ ಪರಿಚಿತರಾಗುವುದು ಬೇರೊಂದು ದಾರಿಯಲ್ಲಿ: ಗಿರೀಶ ಕಾರ್ನಾಡರ ಹಯವದನ ನಾಟಕಕ್ಕೆ, ಅದಲುಬದಲಾದ ತಲೆಗಳ ಭಾರತೀಯ ಕಥೆಯನ್ನು ಆಧರಿಸಿ ಮನ್ 1940ರಲ್ಲಿ ಬರೆದ ನೀಳ್ಗತೆಯೂ ಒಂದು ಆಧಾರ.

ಇಂದಿನ ಸ್ಥಿತಿ

1987ರಲ್ಲಿ ಯುನೆಸ್ಕೊ ಲ್ಯೂಬೆಕ್‌ನ ಹಳೆಯ ನಗರವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಚರ್ಚು ಆ ವಲಯದೊಳಗೇ ಇದೆ. ಉತ್ತರ ಜರ್ಮನಿಯ ಎವ್ಯಾಂಜೆಲಿಕಲ್ ಲೂಥರನ್ ಸಭೆಯ ಅಧೀನದಲ್ಲಿ ಇಲ್ಲಿ ನಿತ್ಯದ ಆರಾಧನೆ ನಡೆಯುತ್ತದೆ. ಚಳಿಗಾಲದಲ್ಲಿ ದೊಡ್ಡ ಚರ್ಚನ್ನು ಬಿಸಿಯಾಗಿಡುವುದು ಕಷ್ಟವಾದ್ದರಿಂದ ಪತ್ರಗಳ ಪೂಜಾಲಯದಲ್ಲಿ ಸೇರುವ ವಾಡಿಕೆಯಿದೆ. ಆರ್ಗನ್ ಕಚೇರಿಗಳು ನಡೆಯುತ್ತಿರುತ್ತವೆ; ಲ್ಯೂಬೆಕ್‌ನ ಬಾಲಕರ ಗಾಯನ ಮೇಳಕ್ಕೆ ಈ ಚರ್ಚೇ ನೆಲೆ. ಪ್ರವಾಸಿಗಳು ಕೊಡುವ ಪ್ರವೇಶ ಶುಲ್ಕ ಇಟ್ಟಿಗೆ, ಗಾರೆ ಮತ್ತು ತಾಮ್ರದ ಹೊದಿಕೆಗಳ ಎಡೆಬಿಡದ ದುರಸ್ತಿಗೆ ನೆರವಾಗುತ್ತದೆ.